ಕ್ಯಾಶ್ ಎಲ್ಲಿಡೋಣ? ರೆಡಿಸ್, ವಾಲ್ಕಿ, ಮೆಮ್‌ಕ್ಯಾಶ್ಡ್, ಸಿಡಿಎನ್: ಸಣ್ಣ ತಂಡಕ್ಕೆ ಯಾವುದು ಸರಿ

ಅಡಿಕೆ ಧಾರಣೆ ತೋರಿಸುವ ಆ್ಯಪ್ ಒಂದರಲ್ಲಿ ನಾನು ಕೆಲಸ ಮಾಡಿದ್ದೆ. ಶಿವಮೊಗ್ಗ, ಸಿರ್ಸಿ, ಸಾಗರ, ಚನ್ನಗಿರಿ, ಹೀಗೆ ಮಾರುಕಟ್ಟೆಯ ಹೆಸರು ಒತ್ತಿದರೆ ರಾಶಿ ಎಷ್ಟು, ಬೆಟ್ಟೆ ಎಷ್ಟು, ಚಾಲಿ ಎಷ್ಟು ಅಂತ ಆಯಾ ಬಗೆಯ ಅಡಿಕೆಯ ದರ ಕ್ವಿಂಟಲ್ ಲೆಕ್ಕದಲ್ಲಿ ಕಾಣಿಸುತ್ತಿತ್ತು. ದರ ಬದಲಾಗುತ್ತಿದ್ದದ್ದು ದಿನಕ್ಕೆ ಒಂದೋ ಎರಡೋ ಸಲ. ನೋಡುವವರು ಸಾವಿರಾರು ಜನ. ಅದೂ ವ್ಯಾಪಾರ ಮುಗಿದ ಮೇಲೆ, ಸಂಜೆಯ ಒಂದೆರಡು ಗಂಟೆಯಲ್ಲಿ, ಎಲ್ಲರೂ ಒಟ್ಟಿಗೆ.

ದರ ಚೆನ್ನಾಗಿ ಏರಿದ ಒಂದು ಸಂಜೆ ಆ್ಯಪ್ ನಿಂತೇ ಹೋಯಿತು. ಗಡಿಬಿಡಿಯಲ್ಲಿ ನಾವು ಆ್ಯಪ್ ಸರ್ವರ್‌ಗಳನ್ನು ಎರಡರಿಂದ ಎಂಟಕ್ಕೆ ಏರಿಸಿದೆವು. ಪರಿಸ್ಥಿತಿ ಇನ್ನೂ ಕೆಟ್ಟಿತು. ಕಾರಣ ಸರಳ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸೆಟ್ಟಿಂಗ್ ನಾವಾಗಿ ಬದಲಿಸದಿದ್ದರೆ ಅದು ಒಟ್ಟಿಗೆ 100 ಕನೆಕ್ಷನ್ ಮಾತ್ರ ಕೊಡುತ್ತದೆ. ನಮ್ಮ ಒಂದೊಂದು ಸರ್ವರ್ 20 ಕನೆಕ್ಷನ್ ಹಿಡಿಯುತ್ತಿತ್ತು. ಎಂಟು ಸರ್ವರ್ ಅಂದರೆ 160. ಬಾಗಿಲು ಮೊದಲಿನಷ್ಟೇ ಅಗಲ, ನುಗ್ಗುವವರು ಮಾತ್ರ ಜಾಸ್ತಿ.

ಅಂದಿನಿಂದ ಸರ್ವರ್ ಹೆಚ್ಚಿಸುವ ಮಾತು ಬಂದಾಗೆಲ್ಲ ನಾನು ಮೊದಲು ಕ್ಯಾಶ್ (cache) ಬಗ್ಗೆ ಕೇಳುತ್ತೇನೆ. ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು ಬೇಗ ಸಿಗುವ ಹಾಗೆ ಇಟ್ಟುಕೊಳ್ಳುವ ಜಾಗವೇ ಕ್ಯಾಶ್. ಯಾವ ಮಾಹಿತಿಯನ್ನು ಒಮ್ಮೆ ತಂದು ಹತ್ತಿರ ಇಟ್ಟುಕೊಳ್ಳಬಹುದು? ಎಲ್ಲಿ ಇಡಬಹುದು? ಈ ಬರಹ ಆ ಆಯ್ಕೆಯ ಬಗ್ಗೆ. ಮೂರ್ನಾಲ್ಕು ಜನರ ತಂಡ, ಬಿಗಿ ಬಜೆಟ್, ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಕ್ಲೌಡ್ ರೀಜನ್‌ನಲ್ಲಿ ಓಡುವ ಆ್ಯಪ್. ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಎಷ್ಟು ಹಳತಾದರೆ ನಡೆಯುತ್ತದೆ?

ಕ್ಯಾಶ್ ಆರಿಸುವಾಗ ಬಹಳ ಜನ ವೇಗವನ್ನು ಹೋಲಿಸುತ್ತಾರೆ. ಯಾವುದು ಸೆಕೆಂಡಿಗೆ ಎಷ್ಟು ಲಕ್ಷ ವಿನಂತಿ ತಡೆಯುತ್ತದೆ ಅಂತ ಚಾರ್ಟ್ ನೋಡುತ್ತಾರೆ. ಸಣ್ಣ ತಂಡಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಮೆಮೊರಿಯಲ್ಲಿ ಇಡುವ ಯಾವ ಕ್ಯಾಶ್ ಆದರೂ ನಿಮ್ಮ ಅಗತ್ಯಕ್ಕಿಂತ ವೇಗವಾಗಿಯೇ ಇರುತ್ತದೆ.

ಕೇಳಬೇಕಾದದ್ದು ಬೇರೆ. ಈ ಮಾಹಿತಿ ಎಷ್ಟು ಹೊತ್ತು ಹಳತಾಗಿದ್ದರೂ ನಡೆಯುತ್ತದೆ? ನಾನಿದನ್ನು ತಂಗಳಿನ ಲೆಕ್ಕ ಅನ್ನುತ್ತೇನೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕೆ ಚೆನ್ನ. ರಾತ್ರಿ ಉಳಿದ ಕಾಯಿಚಟ್ನಿ ಬೇಡ. ಎರಡೂ ಒಂದೇ ಅಡುಗೆಮನೆಯದ್ದೇ, ಆದರೆ ತಾಳಿಕೆ ಬೇರೆ.

ನಮ್ಮ ಆ್ಯಪ್‌ನಲ್ಲಿ ಒಂದು ಹಾಳೆ ತೆಗೆದುಕೊಂಡು ಬರೆದೆವು. ಇವತ್ತಿನ ದರ ಒಂದು ನಿಮಿಷ ಹಳತಾದರೆ ಯಾರಿಗೂ ನಷ್ಟ ಇಲ್ಲ. ಕಳೆದ ವರ್ಷದ ದರದ ಗ್ರಾಫ್ ಒಂದಿಡೀ ದಿನ ಹಳತಾದರೂ ಸರಿ. ಮಾರುಕಟ್ಟೆಗಳ ಹೆಸರು ತಿಂಗಳಿಗೊಮ್ಮೆ ಬದಲಾದರೆ ಹೆಚ್ಚು. ಆದರೆ ರೈತರೊಬ್ಬರು ಮಾರಿದ ಮಾಲಿನ ಪಟ್ಟಿ, ಅವರಿಗೆ ಬರಬೇಕಾದ ಹಣ? ಅದು ಒಂದು ಸೆಕೆಂಡೂ ಹಳತಾಗಬಾರದು. ಅದನ್ನು ಕ್ಯಾಶ್ ಮಾಡಲೇ ಇಲ್ಲ, ಪ್ರತಿ ಸಲ ಡೇಟಾಬೇಸ್‌ನಿಂದಲೇ ಓದಿದೆವು.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ. ಕ್ಯಾಶ್‌ನಲ್ಲಿ ಇಟ್ಟದ್ದು ಕಳೆದುಹೋದರೆ ಮತ್ತೆ ಹುಟ್ಟಿಸಬಹುದಾ? ದರ ಕಳೆದರೆ ಡೇಟಾಬೇಸ್ ಕೇಳಿದರಾಯಿತು. ಲಾಗಿನ್ ಸೆಷನ್ ಕಳೆದರೆ ಜನ ಮತ್ತೆ ಓಟಿಪಿ ಹಾಕಬೇಕು. ಈ ಎರಡು ಪ್ರಶ್ನೆಗೆ ಉತ್ತರ ಕೈಯಲ್ಲಿದ್ದರೆ ಮುಂದಿನ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲ ಆಯ್ಕೆ: ಏನೂ ಸೇರಿಸದೆ ಇರುವುದು

ಕ್ಯಾಶ್ ಹಾಕುವ ಮೊದಲು ದಯವಿಟ್ಟು ಡೇಟಾಬೇಸ್ ಒಮ್ಮೆ ನೋಡಿ. ನಮ್ಮ ಮುಖ್ಯ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಇತ್ತೀಚಿನ ದರ ಹುಡುಕಲು ವರ್ಷಗಳ ದಾಖಲೆಯನ್ನೆಲ್ಲ ಜಾಲಾಡುತ್ತಿತ್ತು. ಮಾರುಕಟ್ಟೆ, ಬಗೆ, ದಿನಾಂಕ, ಈ ಮೂರನ್ನೂ ಸೇರಿಸಿ ಒಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದೆವು. ಸೆಕೆಂಡು ಹಿಡಿಯುತ್ತಿದ್ದ ಕೆಲಸ ಕೆಲವೇ ಮಿಲಿಸೆಕೆಂಡಿಗೆ ಇಳಿಯಿತು. ಇಂಥ ಕ್ವೆರಿಯನ್ನು ಹಾಗೇ ಬಿಟ್ಟು ಮೇಲೆ ಕ್ಯಾಶ್ ಹೊದಿಸಿದರೆ ತೊಂದರೆ ಮುಚ್ಚಿಹೋಗುತ್ತದೆ ಅಷ್ಟೇ. ಕ್ಯಾಶ್ ಖಾಲಿಯಾದ ದಿನ ಅದು ಎದ್ದು ಬರುತ್ತದೆ.

ಪೋಸ್ಟ್‌ಗ್ರೆಸ್‌ಗೆ ತನ್ನದೇ ಒಂದು ಕ್ಯಾಶ್ ಇದೆ, ಶೇರ್ಡ್ ಬಫರ್ಸ್ ಅಂತ. ಮೊದಲಿಗೆ ಅದರ ಅಳತೆ ಬರೀ 128 ಎಂಬಿ. ಡೇಟಾಬೇಸ್‌ಗೇ ಮೀಸಲಾದ ಯಂತ್ರದಲ್ಲಿ ರ್‍ಯಾಮ್‌ನ ಕಾಲು ಭಾಗ ಅದಕ್ಕೆ ಕೊಡಿ ಅನ್ನುವುದು ರೂಢಿಯ ಸಲಹೆ. ಸ್ವಂತ ಯಂತ್ರದಲ್ಲಿ ಡೇಟಾಬೇಸ್ ಇಟ್ಟವರು ಇದನ್ನು ಬದಲಿಸಲು ಮರೆಯುವುದನ್ನು ತುಂಬಾ ಸಲ ನೋಡಿದ್ದೇನೆ. ಇನ್ನು ಗ್ರಾಫ್‌ನಂಥ ಭಾರದ ಲೆಕ್ಕಕ್ಕೆ ಮೆಟೀರಿಯಲೈಸ್ಡ್ ವ್ಯೂ ಸಾಕು. ರಾತ್ರಿ ಒಮ್ಮೆ ಲೆಕ್ಕ ಮಾಡಿ ಇಟ್ಟರೆ ಹಗಲೆಲ್ಲ ಓದಬಹುದು.

ದಿನಕ್ಕೆ ಕೆಲವು ಸಾವಿರ ಜನ ಬರುವ ಆ್ಯಪ್‌ಗೆ ಇಷ್ಟೇ ಸಾಕಾಗುವುದು ಹೆಚ್ಚು. ಇಲ್ಲಿಗೇ ನಿಲ್ಲಲು ಹಿಂಜರಿಯಬೇಡಿ.

ಸರ್ವರ್‌ನ ಸ್ವಂತ ಮೆಮೊರಿ

ಮುಂದಿನ ಹೆಜ್ಜೆ ಆ್ಯಪ್ ಓಡುವ ಪ್ರೋಗ್ರಾಂನ ಒಳಗೇ ಮಾಹಿತಿ ಇಟ್ಟುಕೊಳ್ಳುವುದು. ಜಾವಾದವರಿಗೆ ಕೆಫೀನ್ ಅನ್ನುವ ಲೈಬ್ರರಿ ಇದೆ. ಪೈಥಾನ್‌ನಲ್ಲಿ ಎಲ್‌ಆರ್‌ಯು ಕ್ಯಾಶ್ ಭಾಷೆಯ ಜೊತೆಗೇ ಬರುತ್ತದೆ. ಆದರೆ ಅದಕ್ಕೆ ಅವಧಿ ಮುಗಿಯುವುದು ಅನ್ನುವುದೇ ಗೊತ್ತಿಲ್ಲ ಎಂಬುದು ನೆನಪಿರಲಿ. ನಾವು ಏನೂ ಹೇಳದಿದ್ದರೆ 128 ಉತ್ತರ ಇಟ್ಟುಕೊಳ್ಳುತ್ತದೆ, ಹೊಸದು ಬಂದಾಗ ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಬಿಡುತ್ತದೆ.

ವೇಗದಲ್ಲಿ ಇದನ್ನು ಯಾರೂ ಮೀರಿಸುವುದಿಲ್ಲ. ರ್‍ಯಾಮ್‌ನಿಂದ ಓದಲು ಸುಮಾರು 100 ನ್ಯಾನೊಸೆಕೆಂಡು. ಅದೇ ಡೇಟಾ ಸೆಂಟರ್‌ನ ಇನ್ನೊಂದು ಯಂತ್ರಕ್ಕೆ ಹೋಗಿ ಬರಲು ಸುಮಾರು ಅರ್ಧ ಮಿಲಿಸೆಕೆಂಡು. ಸಾವಿರಾರು ಪಟ್ಟು ವ್ಯತ್ಯಾಸ.

ತೊಂದರೆ ಏನೆಂದರೆ ಪ್ರತಿ ಸರ್ವರ್‌ಗೂ ತನ್ನದೇ ಪ್ರತಿ. ಒಂದು ಸರ್ವರ್ ಹೊಸ ದರ ತೋರಿಸುತ್ತದೆ, ಪಕ್ಕದ್ದು ಹಳೆಯದು. ಫೋನ್ ಹಿಡಿದವರು ಪುಟ ಎಳೆದು ರಿಫ್ರೆಶ್ ಮಾಡಿದ ಹಾಗೆಲ್ಲ ರಾಶಿ ದರ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ದರ ಹಳತಾಗಿದ್ದರೆ ಜನ ಸಹಿಸುತ್ತಾರೆ. ಕುಣಿಯುವ ದರವನ್ನು ನಂಬುವುದಿಲ್ಲ. ಹಾಗಾಗಿ ಮಾರುಕಟ್ಟೆಗಳ ಹೆಸರು, ಅಡಿಕೆಯ ಬಗೆಗಳು, ಸೆಟ್ಟಿಂಗ್‌ಗಳು, ಇಂಥ ಬದಲಾಗದ ಸಣ್ಣ ಪಟ್ಟಿಗಳಿಗೆ ಇದನ್ನು ಬಳಸಿ. ದರಕ್ಕೆ ಬೇಡ.

ಮೆಮ್‌ಕ್ಯಾಶ್ಡ್, ರೆಡಿಸ್, ವಾಲ್ಕಿ

ಎಲ್ಲ ಸರ್ವರ್‌ಗಳೂ ಒಂದೇ ಕಡೆ ನೋಡಬೇಕು ಅಂದಾಗ ಹಂಚಿಕೊಳ್ಳುವ ಕ್ಯಾಶ್ ಬೇಕಾಗುತ್ತದೆ. ಹೋಲಿಕೆ ನಿಜಕ್ಕೂ ಕಷ್ಟವಾಗುವುದು ಇಲ್ಲೇ.

ಮೆಮ್‌ಕ್ಯಾಶ್ಡ್ ಮೂವರಲ್ಲಿ ಹಿರಿಯ. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ತಮ್ಮ ಲೈವ್‌ಜರ್ನಲ್ ತಾಣಕ್ಕಾಗಿ ಬರೆದದ್ದು. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ. ಹೆಸರು ಕೊಟ್ಟರೆ ಇಟ್ಟದ್ದನ್ನು ಕೊಡುತ್ತದೆ. ಜಾಗ ತುಂಬಿದರೆ ಬಹಳ ದಿನದಿಂದ ಯಾರೂ ಮುಟ್ಟದ್ದನ್ನು ಬಿಸಾಡುತ್ತದೆ. ಡಿಸ್ಕ್‌ಗೆ ಏನೂ ಬರೆಯುವುದಿಲ್ಲ, ಸಾಮಾನ್ಯ ಬಳಕೆಯಲ್ಲಿ ರೀಸ್ಟಾರ್ಟ್ ಆದರೆ ಎಲ್ಲ ಖಾಲಿ. ಒಂದು ವಸ್ತುವಿನ ಮಿತಿ ಮೊದಲಿಗೆ 1 ಎಂಬಿ. ಹಲವು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟಿಗೆ ನಡೆಯುವ ಹಲವು ಎಳೆಗಳಲ್ಲಿ, ಓಡುವುದರಿಂದ ದೊಡ್ಡ ಯಂತ್ರದ ಎಲ್ಲ ಕೋರ್‌ಗಳನ್ನೂ ಚೆನ್ನಾಗಿ ಬಳಸುತ್ತದೆ. ಇದರ ಮರೆವನ್ನು ನಾನು ಒಳ್ಳೆಯ ಗುಣ ಅನ್ನುತ್ತೇನೆ. ಕಳೆದುಹೋಗಬಾರದ್ದನ್ನು ಇದರಲ್ಲಿ ಇಡುವ ಆಸೆ ಯಾರಿಗೂ ಬರುವುದಿಲ್ಲ.

ರೆಡಿಸ್ 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಅವರಿಂದ ಬಂತು. ಇದು ಬರೀ ಹೆಸರು ಮತ್ತು ಬೆಲೆಯ ಜೋಡಿ ಅಲ್ಲ. ಪಟ್ಟಿ, ಗುಂಪು, ಅಂಕದ ಪ್ರಕಾರ ತಾನೇ ಜೋಡಿಸಿಕೊಳ್ಳುವ ಗುಂಪು, ಎಣಿಕೆ, ಸ್ಟ್ರೀಮ್ ಎಲ್ಲ ಇದೆ. ಇವತ್ತು ಅತಿ ಹೆಚ್ಚು ದರ ಸಿಕ್ಕ ಹತ್ತು ಮಾರುಕಟ್ಟೆಗಳು ಯಾವುವು ಅಂತ ಕೇಳಿದರೆ ಒಂದೇ ಕಮಾಂಡ್‌ನಲ್ಲಿ ಉತ್ತರ. ಒಬ್ಬರು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಓಟಿಪಿ ಕೇಳದ ಹಾಗೆ ತಡೆಯುವುದೂ ಸುಲಭ. ಬೇಕಿದ್ದರೆ ಡಿಸ್ಕ್‌ಗೂ ಬರೆದಿಡುತ್ತದೆ, ಇನ್ನೊಂದು ಯಂತ್ರದಲ್ಲಿ ಪ್ರತಿಯನ್ನೂ ಇಡುತ್ತದೆ. ಕಮಾಂಡ್‌ಗಳು ಒಂದೇ ಥ್ರೆಡ್‌ನಲ್ಲಿ ಒಂದಾದ ಮೇಲೊಂದು ನಡೆಯುತ್ತವೆ. ಅದರಿಂದ ಎಣಿಕೆ ತಪ್ಪುವುದಿಲ್ಲ. ಆದರೆ ಒಂದು ನಿಧಾನದ ಕಮಾಂಡ್ ಬಂದರೆ ಹಿಂದಿನವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ಲೈವ್ ಸರ್ವರ್‌ನಲ್ಲಿ ಎಲ್ಲ ಕೀಗಳನ್ನೂ (ಇಟ್ಟ ಮಾಹಿತಿಯ ಹೆಸರುಗಳನ್ನು) ಪಟ್ಟಿ ಮಾಡುವ ಕೀಸ್ ಕಮಾಂಡ್ ಓಡಿಸಬೇಡಿ, ಸ್ಕ್ಯಾನ್ ಬಳಸಿ ಅನ್ನುವುದು ಇದಕ್ಕೇ.

ವಾಲ್ಕಿ ಈ ರೆಡಿಸ್‌ನಿಂದಲೇ ಕವಲೊಡೆದದ್ದು. 2024ರ ಮಾರ್ಚ್‌ನಲ್ಲಿ ರೆಡಿಸ್ ತನ್ನ ಮುಕ್ತ ಬಿಎಸ್‌ಡಿ ಲೈಸೆನ್ಸ್ ಬಿಟ್ಟಿತು. ಅದಾಗಿ ಎರಡು ವಾರದೊಳಗೆ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ, ರೆಡಿಸ್ 7.2.4ರ ಕೋಡ್ ಹಿಡಿದು ವಾಲ್ಕಿ ಶುರುವಾಯಿತು. ಅಮೆಜಾನ್, ಗೂಗಲ್ ಕ್ಲೌಡ್, ಒರಾಕಲ್, ಎರಿಕ್ಸನ್ ಬೆನ್ನಿಗೆ ನಿಂತವು. 2025ರ ಮೇ ತಿಂಗಳಲ್ಲಿ ರೆಡಿಸ್ 8 ಬಂದಾಗ ಎಜಿಪಿಎಲ್ ಲೈಸೆನ್ಸ್ ಆಯ್ಕೆಯೂ ಸೇರಿತು. ಅಂದರೆ ಅದು ಮತ್ತೆ ಓಪನ್ ಸೋರ್ಸ್ ಆಯಿತು, ಆದರೆ ಮೊದಲಿನಷ್ಟು ಸಡಿಲ ಷರತ್ತಿನಲ್ಲಿ ಅಲ್ಲ.

ಹಾಗಾದರೆ ಯಾವುದು? ಆ್ಯಪ್ ಕಟ್ಟುವವರಿಗೆ ಲೈಸೆನ್ಸ್ ವಿಷಯ ದಿನನಿತ್ಯ ಕಾಡುವುದಿಲ್ಲ. ಆದರೆ ಬಿಲ್ ಕಾಡುತ್ತದೆ. ಅಮೆಜಾನ್‌ನ ಎಲಾಸ್ಟಿಕ್ಯಾಶ್ ಅನ್ನುವ ಕ್ಯಾಶ್ ಸೇವೆ 2024ರ ಅಕ್ಟೋಬರ್‌ನಲ್ಲಿ ವಾಲ್ಕಿಯನ್ನು ತಂದಾಗ, ಅಲ್ಲಿನ ರೆಡಿಸ್‌ಗಿಂತ ನೋಡ್ (ಬಾಡಿಗೆ ಯಂತ್ರ) ಲೆಕ್ಕದಲ್ಲಿ ಶೇ. 20, ಸರ್ವರ್‌ಲೆಸ್ (ಯಂತ್ರದ ಬದಲು ಬಳಸಿದಷ್ಟಕ್ಕೆ ಹಣ) ಲೆಕ್ಕದಲ್ಲಿ ಶೇ. 33 ಕಡಿಮೆ ಬೆಲೆ ಇಟ್ಟಿತು. ಹಳೆಯ ರೆಡಿಸ್ ಕೋಡ್ ಬದಲಾವಣೆ ಇಲ್ಲದೆ ಅದರ ಜೊತೆ ಮಾತಾಡುತ್ತದೆ. ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾನು ವಾಲ್ಕಿ ಅನ್ನುತ್ತೇನೆ. ಈಗಾಗಲೇ ರೆಡಿಸ್ ನೆಟ್ಟಗೆ ಓಡುತ್ತಿದ್ದರೆ ಸುಮ್ನೆ ಬದಲಿಸುವ ಕೆಲಸ ಬೇಡ. ಜೇಸನ್, ಹುಡುಕಾಟ, ಟೈಮ್ ಸೀರೀಸ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬೇಕು ಅನ್ನುವವರು ರೆಡಿಸ್ 8 ನೋಡಿ. ಶುದ್ಧ ಕ್ಯಾಶ್ ಸಾಕು, ಡೇಟಾ ಸಾದಾ, ಯಂತ್ರ ದೊಡ್ಡದು ಅನ್ನುವವರಿಗೆ ಮೆಮ್‌ಕ್ಯಾಶ್ಡ್ ಇವತ್ತಿಗೂ ಒಳ್ಳೆಯ ಆಯ್ಕೆ.

ಯಾವುದನ್ನೇ ತೆಗೆದುಕೊಳ್ಳಿ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೆಷನ್‌ಗೂ ಕ್ಯಾಶ್‌ಗೂ ಬೇರೆ ಬೇರೆ ಇನ್‌ಸ್ಟನ್ಸ್ (ಪ್ರತ್ಯೇಕವಾಗಿ ಓಡುವ ಸರ್ವರ್) ಇಡಿ. ರೆಡಿಸ್‌ಗೂ ವಾಲ್ಕಿಗೂ ಮ್ಯಾಕ್ಸ್‌ಮೆಮೊರಿ ಅನ್ನುವ ಮಿತಿ ಇದೆ. ಮಿತಿ ತುಂಬಿದಾಗ ಏನು ಮಾಡಬೇಕು ಅಂತ ನಾವು ಹೇಳದಿದ್ದರೆ, ಅದು ಏನನ್ನೂ ಬಿಸಾಡದೆ ಹೊಸದಾಗಿ ಬರೆಯುವುದನ್ನೇ ನಿರಾಕರಿಸುತ್ತದೆ. ಕ್ಯಾಶ್‌ಗೆ ಬೇಕಾದದ್ದು ಅದರ ಉಲ್ಟಾ, ಆಲ್‌ಕೀಸ್ ಎಲ್‌ಆರ್‌ಯು ಅನ್ನುವ ಸೆಟ್ಟಿಂಗ್. ನಾವು ಅದನ್ನು ಹಾಕಿದ್ದೆವು, ಆದರೆ ಸೆಷನ್‌ಗಳನ್ನೂ ಅದರಲ್ಲೇ ಇಟ್ಟಿದ್ದೆವು. ಗ್ರಾಫ್‌ಗಳ ಡೇಟಾ ತುಂಬುತ್ತಾ ಹೋದ ಹಾಗೆ ಸ್ವಲ್ಪ ದಿನ ಆ್ಯಪ್ ತೆರೆಯದ ರೈತರ ಸೆಷನ್ ಸದ್ದಿಲ್ಲದೆ ಹೋಗುತ್ತಿತ್ತು. ಯಾಕೆ ಪದೇ ಪದೇ ಓಟಿಪಿ ಕೇಳುತ್ತೆ ಅಂತ ಫೋನ್ ಬಂದ ಮೇಲೆ ನಮಗೆ ತಿಳಿಯಿತು.

ಬಾಗಿಲಿಗೇ ಬರದಂತೆ ತಡೆಯುವ ಸಿಡಿಎನ್

ನಮ್ಮ ಆ್ಯಪ್‌ನ ಕಥೆ ನಿಜವಾಗಿ ಬದಲಾದದ್ದು ಸಿಡಿಎನ್‌ನಿಂದ, ಅಂದರೆ ಉತ್ತರದ ಪ್ರತಿಯನ್ನು ಜನರ ಹತ್ತಿರದ ಊರುಗಳಲ್ಲಿ ಇಟ್ಟು ಕೊಡುವ ಸರ್ವರ್ ಜಾಲದಿಂದ. ಉಳಿದ ಕ್ಯಾಶ್‌ಗಳು ಡೇಟಾಬೇಸ್‌ನ ಭಾರ ಇಳಿಸುತ್ತವೆ. ಸಿಡಿಎನ್ ನಮ್ಮ ಸರ್ವರ್‌ಗೆ ವಿನಂತಿಯೇ ಬರದ ಹಾಗೆ ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುವ ಸಿಡಿಎನ್ ಕೇಂದ್ರದಿಂದಲೇ ಉತ್ತರ ಹೋಗುತ್ತದೆ.

ಚಿತ್ರ, ಸ್ಟೈಲ್ ಫೈಲ್‌ಗಳಿಗೆ ಮಾತ್ರ ಸಿಡಿಎನ್ ಅನ್ನುವ ಹಳೆಯ ಅಭ್ಯಾಸ ಹಲವರಲ್ಲಿದೆ. ಎಲ್ಲರಿಗೂ ಒಂದೇ ಉತ್ತರ ಕೊಡುವ ಎಪಿಐಗೂ (ಆ್ಯಪ್ ಸರ್ವರ್‌ನಿಂದ ಮಾಹಿತಿ ಕೇಳುವ ದಾರಿ) ಅದು ಸಲ್ಲುತ್ತದೆ. ಶಿವಮೊಗ್ಗದ ಇವತ್ತಿನ ದರ ಯಾರು ಕೇಳಿದರೂ ಅದೇ ಅಲ್ವಾ? ಉತ್ತರದ ಜೊತೆ ಹೋಗುವ ಕ್ಯಾಶ್ ಕಂಟ್ರೋಲ್ ಎಂಬ ಹೆಡರ್‌ನಲ್ಲಿ (ಸೂಚನೆಯ ಸಾಲಿನಲ್ಲಿ) ಎಸ್ ಮ್ಯಾಕ್ಸ್ ಏಜ್ 60 ಅಂತ ಕಳಿಸಿದರೆ ಸಿಡಿಎನ್ ಅದನ್ನು 60 ಸೆಕೆಂಡು ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 500 ಜನ ಕೇಳಿದರೆ ನಿಮಿಷಕ್ಕೆ 30,000 ವಿನಂತಿ. ಅದರಲ್ಲಿ ನಮ್ಮ ಸರ್ವರ್‌ಗೆ ಬರುವುದು ಪ್ರತಿ ಸಿಡಿಎನ್ ಕೇಂದ್ರದಿಂದ ಒಂದೋ ಎರಡೋ. ನಾವು ಬರೆದಿಟ್ಟ ತಂಗಳಿನ ಲೆಕ್ಕ ಹೆಡರ್‌ನ ಒಂದು ಸಾಲಾಗಿ ಬಂದು ಕೂತಿತು.

ಇದರ ಪಕ್ಕದಲ್ಲೇ ಸ್ಟೇಲ್ ವೈಲ್ ರೀವ್ಯಾಲಿಡೇಟ್ ಅನ್ನುವ ಸೂಚನೆಯನ್ನೂ ಸೇರಿಸಿ. ಅವಧಿ ಮುಗಿದರೂ ಸ್ವಲ್ಪ ಹೊತ್ತು ಹಳೆಯದನ್ನೇ ಕೊಡು, ಹಿಂದಿನಿಂದ ಹೊಸದು ತಂದುಕೋ ಅಂತ ಅದರ ಅರ್ಥ. ಜನ ಕಾಯಬೇಕಾಗಿಲ್ಲ.

ಸಿಡಿಎನ್ ಕಂಪನಿಯ ಆಯ್ಕೆ ಮಾಡುವಾಗ ಮೊದಲಿಗೇ ಇರುವ ಸೆಟ್ಟಿಂಗ್‌ಗಳನ್ನು ಓದಿ, ಒಬ್ಬೊಬ್ಬರದು ಒಂದೊಂದು ತರಹ. ಕ್ಲೌಡ್‌ಫ್ಲೇರ್ ನಾವು ನಿಯಮ ಹಾಕುವವರೆಗೆ ಎಚ್‌ಟಿಎಂಎಲ್, ಜೇಸನ್ ಎರಡನ್ನೂ ಇಟ್ಟುಕೊಳ್ಳುವುದಿಲ್ಲ. ಅಮೆಜಾನ್‌ನ ಕ್ಲೌಡ್‌ಫ್ರಂಟ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ನಮ್ಮ ಸರ್ವರ್ ಏನೂ ಹೇಳದಿದ್ದರೆ ಉತ್ತರ 24 ಗಂಟೆ ಉಳಿಯುತ್ತದೆ. ನಿನ್ನೆಯ ದರ ಇವತ್ತು ಕಾಣಿಸಲು ಅಷ್ಟು ಸಾಕು. ಫೇಸ್‌ಬುಕ್‌ನಿಂದ ಬರುವ ಲಿಂಕ್‌ಗಳ ಕೊನೆಗೆ ಎಫ್‌ಬಿಸಿಎಲ್‌ಐಡಿ (fbclid) ಎಂಬ ಬಾಲ ಇರುತ್ತದೆ, ಪ್ರತಿ ಕ್ಲಿಕ್‌ಗೂ ಬೇರೆ. ಕ್ಯಾಶ್ ಕೀಯಿಂದ ಅದನ್ನು ತೆಗೆಯದಿದ್ದರೆ ಸಿಡಿಎನ್ ಪ್ರತಿಯೊಂದನ್ನೂ ಹೊಸ ಪುಟ ಅಂದುಕೊಳ್ಳುತ್ತದೆ, ನಿಮ್ಮ ಸರ್ವರ್‌ಗೆ ಕಳಿಸುತ್ತದೆ.

ಹೆದರಬೇಕಾದದ್ದು ಒಂದಿದೆ. ಒಬ್ಬರ ಲೆಕ್ಕದ ಪುಟ ಸಿಡಿಎನ್‌ನಲ್ಲಿ ಕೂತು ಇನ್ನೊಬ್ಬರಿಗೆ ಹೋಗಬಾರದು. ಲಾಗಿನ್ ಆದ ಮೇಲಿನ ಎಲ್ಲ ಉತ್ತರಕ್ಕೂ ಪ್ರೈವೇಟ್, ನೋ ಸ್ಟೋರ್ ಎಂದು ಹಾಕಿ. ನಾವು ಅದಕ್ಕಾಗಿ ಎರಡರ ದಾರಿಯನ್ನೇ ಬೇರೆ ಮಾಡಿದೆವು. ಸಾರ್ವಜನಿಕ ದರಗಳಿಗೆ ಒಂದು ವಿಳಾಸ, ಸ್ವಂತ ಲೆಕ್ಕಕ್ಕೆ ಇನ್ನೊಂದು. ಎರಡನೆಯದರ ಮುಂದೆ ಕ್ಯಾಶ್ ಇಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶದಂಥ ದಿನಕ್ಕೂ ಇದೇ ಲೆಕ್ಕ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಎಲ್ಲರೂ ಅದೇ ಗಂಟೆಯಲ್ಲಿ ನೋಡುತ್ತಾರೆ. ಆ ಗಂಟೆಯಲ್ಲಿ ಅಂಕ ಬದಲಾಗುವುದಿಲ್ಲ. ಅಂಥದ್ದನ್ನು ಮೊದಲೇ ಫೈಲ್‌ಗಳಾಗಿ ಮಾಡಿ ಸಿಡಿಎನ್ ಹಿಂದೆ ಇಟ್ಟರೆ ಡೇಟಾಬೇಸ್‌ಗೆ ಕೆಲಸವೇ ಇರುವುದಿಲ್ಲ.

ಎಲ್ಲರ ಅವಧಿ ಒಟ್ಟಿಗೆ ಮುಗಿದರೆ

ಕ್ಯಾಶ್ ಹಿಟ್, ಅಂದರೆ ಕ್ಯಾಶ್‌ನಿಂದಲೇ ಉತ್ತರ ಸಿಗುವ ವಿನಂತಿಗಳ ಪಾಲು, ಶೇ. 90 ಇದೆ ಅಂದುಕೊಳ್ಳಿ. ಸೆಕೆಂಡಿಗೆ 1,000 ವಿನಂತಿಯಲ್ಲಿ 100 ಮಾತ್ರ ಡೇಟಾಬೇಸ್‌ಗೆ ಹೋಗುತ್ತವೆ. ಶೇ. 99ಕ್ಕೆ ಏರಿದರೆ 10. ಖುಷಿಯ ವಿಷಯ. ಆದರೆ ಆ 10ಕ್ಕೆ ತಕ್ಕ ಹಾಗೆ ಡೇಟಾಬೇಸ್ ಚಿಕ್ಕದು ಮಾಡಿದಿರಿ ಅಂತಿಟ್ಟುಕೊಳ್ಳಿ. ಕ್ಯಾಶ್ ಬಿದ್ದ ಕ್ಷಣ 1,000 ಬರುತ್ತದೆ, ನೂರು ಪಟ್ಟು.

ಬೀಳಲೇಬೇಕೆಂದಿಲ್ಲ. ಬಹಳ ಜನ ನೋಡುವ ಒಂದು ಕೀಯ ಅವಧಿ ಮುಗಿದರೂ ಸಾಕು. ಆ ಕ್ಷಣದಲ್ಲಿ ಬಂದವರೆಲ್ಲ ಒಟ್ಟಿಗೆ ಅದೇ ಕ್ವೆರಿ ಓಡಿಸುತ್ತಾರೆ. 2013ರಲ್ಲಿ ಫೇಸ್‌ಬುಕ್ ಎಂಜಿನಿಯರ್‌ಗಳು ತಮ್ಮ ಮೆಮ್‌ಕ್ಯಾಶ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದಕ್ಕೆ ಲೀಸ್ ಅನ್ನುವ ಉಪಾಯ ವಿವರಿಸಿದ್ದಾರೆ. ಒಬ್ಬರಿಗೆ ಮಾತ್ರ ತರಲು ಅನುಮತಿ, ಉಳಿದವರು ಸ್ವಲ್ಪ ಕಾಯಬೇಕು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಪ್ರಾಕ್ಸಿ ಕ್ಯಾಶ್ ಲಾಕ್ ಆನ್ ಮಾಡಿದರೆ ಅದೇ ಕೆಲಸ ಆಗುತ್ತದೆ. ಇನ್ನೂ ಸುಲಭದ ದಾರಿ ಅವಧಿಗಳನ್ನು ಚದುರಿಸುವುದು. ಎಲ್ಲಕ್ಕೂ 300 ಸೆಕೆಂಡು ಕೊಡುವ ಬದಲು 270ರಿಂದ 330ರ ನಡುವೆ ಯಾವುದಾದರೂ ಸಂಖ್ಯೆ ಕೊಡಿ. ಒಂದು ಸಾಲಿನ ಕೋಡ್.

ಇಷ್ಟಾದ ಮೇಲೆ ಸ್ಕೇಲಿಂಗ್

ಒಂದೇ ದೊಡ್ಡ ಯಂತ್ರವಾ, ಹಲವು ಸಣ್ಣವಾ? ಡೇಟಾಬೇಸ್‌ಗೆ ಮೊದಲು ದೊಡ್ಡ ಯಂತ್ರ. ಆ್ಯಪ್ ಸರ್ವರ್‌ಗೆ ಹಲವು ಸಣ್ಣವು, ಆದರೆ ನಡುವೆ ಪಿಜಿಬೌನ್ಸರ್‌ನಂಥ ಕನೆಕ್ಷನ್ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲ ಸರ್ವರ್‌ಗಳಿಗೂ ಹಂಚುವ ಪ್ರೋಗ್ರಾಂ) ಇರಲಿ. ನಮಗೆ ಅವತ್ತು ಬೇಕಿದ್ದದ್ದು ಅದೇ.

ಆಟೋಸ್ಕೇಲಿಂಗ್ (ಲೋಡ್ ನೋಡಿ ತಾನೇ ಸರ್ವರ್ ಹೆಚ್ಚಿಸುವ ವ್ಯವಸ್ಥೆ) ಮೇಲೆ ಪೂರ್ತಿ ಭಾರ ಹಾಕಬೇಡಿ. ಸರ್ವರ್ ಪ್ರೋಗ್ರಾಂಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಲೋಡ್ ನೋಡುತ್ತದೆ. ಹೊಸ ಯಂತ್ರವೇ ಬೇಕಾದರೆ ಅದು ಎದ್ದು ನಿಲ್ಲಲು ನಿಮಿಷಗಳೇ ಬೇಕು. ಜನ ಅಷ್ಟು ಹೊತ್ತು ಕಾಯುವುದಿಲ್ಲ. 2023ರ ವಿಶ್ವಕಪ್ ಫೈನಲ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ 5.9 ಕೋಟಿ ಜನ ನೋಡುತ್ತಿದ್ದರು. ಅಂಥ ನೂಕುನುಗ್ಗಲಿಗೆ ಯಂತ್ರಗಳು ಮೊದಲೇ ಸಿದ್ಧವಾಗಿ ನಿಂತಿರಬೇಕು. ನಮ್ಮ ಸಣ್ಣ ಆ್ಯಪ್‌ಗೂ ಸಂಜೆಯ ನೂಕು ಗೊತ್ತಿದ್ದದ್ದೇ. ನಾಲ್ಕೂವರೆಗೆ ಎರಡು ಸರ್ವರ್ ಹೆಚ್ಚಿಸು, ಎಂಟಕ್ಕೆ ಇಳಿಸು ಅಂತ ಗಡಿಯಾರಕ್ಕೆ ಕಟ್ಟಿದೆವು.

ಅಮೆಜಾನ್‌ನ ಲ್ಯಾಂಬ್ಡಾದಂಥ ಸರ್ವರ್‌ಲೆಸ್ ಸೇವೆ ಆಗೊಮ್ಮೆ ಈಗೊಮ್ಮೆ ಬರುವ ಕೆಲಸಕ್ಕೆ ಚೆನ್ನ. ರಾತ್ರಿ ದರ ಆಮದು ಮಾಡುವುದು, ರಶೀದಿ ಮಾಡುವುದು, ಹೀಗೆ. ಒಂದು ಸಲಕ್ಕೆ 15 ನಿಮಿಷದ ಮಿತಿ ಇದೆ. ಬೇಕಾದಾಗ ಹುಟ್ಟಿ ಹೋಗುವುದರಿಂದ ಅದರ ಸ್ವಂತ ಮೆಮೊರಿಯ ಕ್ಯಾಶ್ ನಂಬುವಂತಿಲ್ಲ. ದಿನವಿಡೀ ಒಂದೇ ಸಮ ಲೋಡ್ ಇದ್ದರೆ ಸದಾ ಓಡುವ ಸರ್ವರ್‌ನ ಬಿಲ್ ಸಾಮಾನ್ಯವಾಗಿ ಕಡಿಮೆ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡವೇ ತನ್ನ ವಿಡಿಯೊ ಗುಣಮಟ್ಟ ಪರೀಕ್ಷೆಯ ವ್ಯವಸ್ಥೆಯನ್ನು ಸರ್ವರ್‌ಲೆಸ್ ತುಂಡುಗಳಿಂದ ಒಂದೇ ಪ್ರೋಗ್ರಾಂಗೆ ತಂದು, ಖರ್ಚು ಶೇ. 90ಕ್ಕಿಂತ ಹೆಚ್ಚು ಇಳಿಯಿತು ಅಂತ ಬರೆದಿತ್ತು.

ಕ್ಯಾಶ್ ಸರ್ವರ್ ನೀವೇ ನಡೆಸುವುದಾ, ಕ್ಲೌಡ್‌ನವರಿಂದ ತೆಗೆದುಕೊಳ್ಳುವುದಾ? ತಂಡದಲ್ಲಿ ರಾತ್ರಿ ಎದ್ದು ನೋಡುವವರು ಇಲ್ಲದಿದ್ದರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ. ನೀವೇ ನಡೆಸುವುದಾದರೆ ಪೋರ್ಟ್ ಹೊರಗೆ ತೆರೆಯಬೇಡಿ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ನಡೆದದ್ದು ಯಾರ್‍ಯಾರೋ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಮೆಮ್‌ಕ್ಯಾಶ್ಡ್ ಸರ್ವರ್‌ಗಳನ್ನು ಬಳಸಿಕೊಂಡು.

ಕೊನೆಗೆ ನಮ್ಮಲ್ಲಿ ಉಳಿದದ್ದು ಇಷ್ಟು: ಸರಿಯಾದ ಇಂಡೆಕ್ಸ್, ದರಗಳ ಮುಂದೆ ಸಿಡಿಎನ್, ಸೆಷನ್‌ಗೆ ಒಂದು ಸಣ್ಣ ವಾಲ್ಕಿ, ನಡುವೆ ಪಿಜಿಬೌನ್ಸರ್. ಎಂಟು ಸರ್ವರ್ ಮತ್ತೆ ಎರಡಾದವು, ಸಂಜೆ ಮಾತ್ರ ನಾಲ್ಕು. ಮಾರುಕಟ್ಟೆಗೆ ರಜೆ ಇರುವ ಭಾನುವಾರ ಬೆಳಿಗ್ಗೆ ಆರಕ್ಕೆ, ತಿಂಗಳಿಗೊಮ್ಮೆ, ನಾವು ಬೇಕೆಂದೇ ಸಿಡಿಎನ್ ಕ್ಯಾಶ್ ಪೂರ್ತಿ ಖಾಲಿ ಮಾಡುತ್ತೇವೆ. ಆಮೇಲೆ ಹತ್ತು ನಿಮಿಷ ಡೇಟಾಬೇಸ್‌ನ ಗ್ರಾಫ್ ನೋಡುತ್ತಾ ಕೂರುತ್ತೇವೆ.